ಉಳಿ ಮುಟ್ಟದ ಕಲ್ಲು: ಪ್ರಾಚೀನ ದೇವಾಲಯಗಳ ಕಟ್ಟಡ ಸಾಮಗ್ರಿ ಮತ್ತು ಇಸ್ರಾಯೇಲ್ಯರ ಯಜ್ಞವೇದಿ

ಪ್ರಾಚೀನ ಪಶ್ಚಿಮ ಏಷ್ಯಾದ ದೇವಾಲಯಗಳನ್ನು ಅಭ್ಯಾಸ ಮಾಡುವಾಗ ನಾವು ಸಾಮಾನ್ಯವಾಗಿ ಅವುಗಳ ವಿನ್ಯಾಸವನ್ನೂ ಅಲ್ಲಿ ನಡೆಯುತ್ತಿದ್ದ ಆರಾಧನೆಯ ವಿಧಿಗಳನ್ನೂ ಗಮನಿಸುತ್ತೇವೆ. ಅವು ಯಾವ ವಸ್ತುವಿನಿಂದ ಕಟ್ಟಲ್ಪಟ್ಟವು ಎಂಬ ಪ್ರಶ್ನೆಯನ್ನು ಶಿಲ್ಪಿಗಳಿಗೂ ಎಂಜಿನಿಯರುಗಳಿಗೂ ಬಿಟ್ಟುಬಿಡುತ್ತೇವೆ. ಪವಿತ್ರ ಗ್ರಂಥದ ಲೇಖಕರು ಹಾಗೆ ಬಿಟ್ಟವರಲ್ಲ. ಬಾಬೆಲಿನ ಗೋಪುರದ ಕಥೆಯನ್ನು ಕೆಲವೇ ವಚನಗಳಲ್ಲಿ ಮುಗಿಸುವ ಆದಿಕಾಂಡದ ಲೇಖಕನು ಅದರ ನಡುವೆಯೂ ಒಂದು ಕ್ಷಣ ನಿಂತು, ಕಟ್ಟುವವರು ಕಲ್ಲಿಗೆ ಬದಲಾಗಿ ಇಟ್ಟಿಗೆಯನ್ನೂ ಗಾರೆಗೆ ಬದಲಾಗಿ ಕಲ್ಲರಗನ್ನೂ ಬಳಸಿದರೆಂದು ತಿಳಿಸುತ್ತಾನೆ (ಆದಿ. 11:3). ಸೀನಾಯಿ ಬೆಟ್ಟದಲ್ಲಿ ಹತ್ತು ಆಜ್ಞೆಗಳು ಕೊಡಲ್ಪಟ್ಟ ಕೂಡಲೇ, ವಿಗ್ರಹಗಳ ನಿಷೇಧದ ಬೆನ್ನಿಗೇ ಬರುವ ನಿಯಮವು ಯಜ್ಞವೇದಿಯನ್ನು ಯಾವುದರಿಂದ ಕಟ್ಟಬೇಕು, ಯಾವುದರಿಂದ ಕಟ್ಟಬಾರದು ಎಂಬುದನ್ನು ಕುರಿತದ್ದು (ವಿಮೋ. 20:24-25). ಹೀಗಿರುವಾಗ ಸಾಮಗ್ರಿಯ ಪ್ರಶ್ನೆಯು ದೇವಶಾಸ್ತ್ರದ ಹೊರಗಿನ ಪ್ರಶ್ನೆಯಾಗಿರಲು ಸಾಧ್ಯವಿಲ್ಲ.

ಇಸ್ರಾಯೇಲಿನ ಸುತ್ತಲಿನ ಜನಾಂಗಗಳಲ್ಲಿ ದೇವಾಲಯದ ಸಾಮಗ್ರಿಗೆ ಯಾವ ಅರ್ಥವಿತ್ತು, ಆ ಹಿನ್ನೆಲೆಯಲ್ಲಿ ಯಜ್ಞವೇದಿಯ ನಿಯಮವು ಏನನ್ನು ಹೇಳುತ್ತಿತ್ತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲು ಬಯಸುತ್ತೇವೆ. ನಾವು ತಲುಪಿರುವ ನಿರ್ಣಯವನ್ನು ಮೊದಲೇ ತಿಳಿಸುವುದು ಒಳ್ಳೆಯದು. ಸತ್ಯವೇದವು ಕಲ್ಲು, ಮರ, ಬಂಗಾರಗಳನ್ನು ಅವುಗಳ ಬೆಲೆಯಿಂದಾಗಲಿ ಬಾಳಿಕೆಯಿಂದಾಗಲಿ ಅಳೆಯುವುದಿಲ್ಲ. ಅವುಗಳನ್ನು ಮುಟ್ಟಿದ ಕೈ ಯಾರದು, ಆ ಕೈ ಸ್ವತಂತ್ರವಾಗಿತ್ತೇ, ಕಟ್ಟಡವು ಯಾರ ಹೆಸರನ್ನು ಉಳಿಸಲು ನಿಂತಿದೆ ಎಂಬುದರಿಂದ ಅಳೆಯುತ್ತದೆ.

ಇಟ್ಟಿಗೆ ಮತ್ತು ಅರಸನ ಹೆಸರು

ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ಕೆಳಬಯಲಿನಲ್ಲಿ ಕಟ್ಟಡಕ್ಕೆ ಯೋಗ್ಯವಾದ ಕಲ್ಲು ದೊರೆಯುವುದು ಅಪರೂಪ. ಒಳ್ಳೆಯ ಮರವೂ ಇಲ್ಲ. ಇರುವುದು ಮಣ್ಣು, ಜೊಂಡು ಮತ್ತು ನೆಲದಿಂದ ಒಸರುವ ಕಲ್ಲರಗು. ಆದುದರಿಂದ ಸುಮೇರ್ ಮತ್ತು ಬಾಬೆಲಿನ ದೇವಾಲಯಗಳು ಇಟ್ಟಿಗೆಯವು. ಕ್ರಿ.ಪೂ. ಸುಮಾರು 2100ರಲ್ಲಿ ಅರಸನಾದ ಊರ್-ನಮ್ಮು ಊರ್ ಪಟ್ಟಣದಲ್ಲಿ ಚಂದ್ರದೇವತೆಗಾಗಿ ಕಟ್ಟಿಸಿದ ಮೆಟ್ಟಿಲುಗೋಪುರದ ತಳವು ಸುಮಾರು 64 ಮೀಟರ್ ಉದ್ದ, 45 ಮೀಟರ್ ಅಗಲ. ಅದರ ಒಡಲು ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಹೊರಮೈ ಕಲ್ಲರಗಿನಲ್ಲಿ ಕೂರಿಸಿದ ಸುಟ್ಟ ಇಟ್ಟಿಗೆ. ಆದಿಕಾಂಡದ ಲೇಖಕನಿಗೆ ಆ ದೇಶದ ಕಟ್ಟಡದ ಕೆಲಸ ಚೆನ್ನಾಗಿ ತಿಳಿದಿತ್ತೆಂಬುದು ಇದರಿಂದ ಸ್ಪಷ್ಟ.

ಅಗ್ಗದ ವಸ್ತುವೆಂದ ಮಾತ್ರಕ್ಕೆ ಇಟ್ಟಿಗೆಯನ್ನು ಆ ಜನರು ಹಗುರವಾಗಿ ಕಂಡವರಲ್ಲ. ಕ್ರಿ.ಪೂ. 22ನೆಯ ಶತಮಾನದಲ್ಲಿ ಲಗಾಶ್ ನಾಡನ್ನು ಆಳಿದ ಗುದೇಯನು ನಿಂಗಿರ್ಸು ದೇವತೆಗೆ ಆಲಯ ಕಟ್ಟಿಸಿದ ವೃತ್ತಾಂತವು ಎರಡು ಮಣ್ಣಿನ ಉರುಳೆಗಳ ಮೇಲೆ ಬರೆಯಲ್ಪಟ್ಟು ಇಂದಿಗೂ ಉಳಿದಿದೆ. ಅರಸನಿಗೆ ಕನಸಿನಲ್ಲಿ ಆಲಯದ ನಕ್ಷೆಯೂ ಇಟ್ಟಿಗೆಯ ಅಚ್ಚೂ ತೋರಿಸಲ್ಪಡುತ್ತವೆ. ಅವನು ಪಟ್ಟಣವನ್ನು ಶುದ್ಧಿ ಮಾಡಿಸಿ, ಜೇನು, ಬೆಣ್ಣೆ, ಪರಿಮಳ ತೈಲಗಳನ್ನು ಬಳಸಿ ಮೊದಲನೆಯ ಇಟ್ಟಿಗೆಯನ್ನು ತಾನೇ ಅಚ್ಚಿನಲ್ಲಿ ಮೂಡಿಸಿ, ತಲೆಯ ಮೇಲೆ ಹೊತ್ತು ತರುತ್ತಾನೆ. ಕೆಲಸ ನಡೆದಷ್ಟು ಕಾಲ ಯಾರ ಮೇಲೂ ಚಾಟಿ ಬೀಸಲಿಲ್ಲ, ತಾಯಿಯೂ ಮಗುವನ್ನು ಹೊಡೆಯಲಿಲ್ಲ ಎಂದು ಅವನ ಶಾಸನಗಳು ಹೇಳಿಕೊಳ್ಳುತ್ತವೆ. ಅರಸನ ಹೇಳಿಕೆಯನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಬೇರೆ ಮಾತು. ಪವಿತ್ರ ಕಟ್ಟಡಕ್ಕೂ ಕೆಲಸಗಾರನ ಬೆನ್ನಿನ ಮೇಲೆ ಬೀಳುವ ಏಟಿಗೂ ಸಂಬಂಧವಿದೆಯೆಂದು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಅರಸನಿಗೆ ಅನಿಸಿತ್ತು ಎಂಬುದು ಗಮನಾರ್ಹ.

ಗುದೇಯನ ನಂತರ ಸಾವಿರದೈನೂರು ವರ್ಷಗಳ ತರುವಾಯವೂ ಈ ಸಂಪ್ರದಾಯ ಅಳಿದಿರಲಿಲ್ಲ. ಬಾಬೆಲಿನ ಎತೆಮೆನಂಕಿ ಗೋಪುರವನ್ನು ಮತ್ತೆ ಕಟ್ಟಲು ತೊಡಗಿದ ನಬೊಪೊಲಸ್ಸರನು ತಾನು ಇಟ್ಟಿಗೆಯನ್ನೂ ಮಣ್ಣನ್ನೂ ತಲೆಯ ಮೇಲೆ ಹೊತ್ತೆನೆಂದೂ ತನ್ನ ಹಿರಿಯ ಮಗನಿಂದಲೂ ಹೊರಿಸಿದೆನೆಂದೂ ಬರೆಯಿಸಿದ್ದಾನೆ. ಆ ಮಗನೇ ಯೆರೂಸಲೇಮಿನ ದೇವಾಲಯವನ್ನು ಸುಟ್ಟ ನೆಬೂಕದ್ನೆಚ್ಚರನು. ಅವನು ಕಟ್ಟಿಸಿದ ಗೋಡೆಗಳ ಇಟ್ಟಿಗೆಗಳ ಮೇಲೆ ಅವನ ಹೆಸರು, ಅವನ ತಂದೆಯ ಹೆಸರು ಮತ್ತು ದೇವಾಲಯಗಳ ಪೋಷಕನೆಂಬ ಅವನ ಬಿರುದು ಒತ್ತಲ್ಪಟ್ಟಿವೆ. ಗೋಡೆಯೊಳಗೆ ಸೇರಿ ಯಾರ ಕಣ್ಣಿಗೂ ಬೀಳದ ಇಟ್ಟಿಗೆಗೂ ಈ ಮುದ್ರೆಯುಂಟು. ಮನುಷ್ಯರು ಓದದಿದ್ದರೂ ದೇವತೆಗಳು ಓದುವರು, ಮುಂದೊಂದು ದಿನ ಕಟ್ಟಡ ಬಿದ್ದಾಗ ಅದನ್ನು ಎತ್ತಿ ಕಟ್ಟುವ ಅರಸನು ಓದುವನು ಎಂಬುದು ಅದರ ಹಿಂದಿನ ಭಾವನೆ.

ಈಗ ಆದಿಕಾಂಡದ ಕಥೆಗೆ ಮರಳೋಣ. ಬಯಲಿನಲ್ಲಿ ಇಟ್ಟಿಗೆ ಸುಟ್ಟವರ ಗುರಿ ತಮಗೊಂದು ಹೆಸರು ಮಾಡಿಕೊಳ್ಳುವುದು (ಆದಿ. 11:4). ಕಲ್ಲಿನ ನಾಡಿನಲ್ಲಿ ಬೆಳೆದ ಲೇಖಕನು ಇಟ್ಟಿಗೆಗೂ ಕಲ್ಲಿಗೂ ಇರುವ ಇಬ್ರಿಯ ಪದಗಳನ್ನು, ಲೆಬೇನಾ ಮತ್ತು ಎಬೆನ್ ಎಂಬವನ್ನು, ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಆಟವಾಡಿದ್ದಾನೆ. ಅವನ ಆಕ್ಷೇಪ ಇಟ್ಟಿಗೆಯ ಮೇಲಲ್ಲ. ತಾನು ಸುಟ್ಟು ಮಾಡಿದ ವಸ್ತುವಿನ ಮೇಲೆ ತನ್ನ ಹೆಸರನ್ನು ಒತ್ತಿ, ಅದನ್ನು ಆಕಾಶದವರೆಗೆ ಪೇರಿಸುವ ಮನಸ್ಸಿನ ಮೇಲೆ.

ಐಗುಪ್ತದ ಕಲ್ಲು, ಐಗುಪ್ತದ ಮಣ್ಣು

ಐಗುಪ್ತದಲ್ಲಿ ಕಲ್ಲಿಗೆ ಕೊರತೆಯಿರಲಿಲ್ಲ. ಅಲ್ಲಿ ಮಣ್ಣು ಮತ್ತು ಕಲ್ಲುಗಳ ನಡುವಣ ವ್ಯತ್ಯಾಸವು ಅಲ್ಪಕಾಲ ಮತ್ತು ಶಾಶ್ವತಕಾಲಗಳ ನಡುವಣ ವ್ಯತ್ಯಾಸವಾಗಿತ್ತು. ಮನೆಗಳು ಹಸಿ ಇಟ್ಟಿಗೆಯವು; ಅರಮನೆಗಳು ಕೂಡ ಬಹುಮಟ್ಟಿಗೆ ಹಸಿ ಇಟ್ಟಿಗೆಯವೇ. ಬದುಕಿರುವ ಅರಸನಿಗೆ ಅಷ್ಟು ಸಾಕು. ದೇವತೆಗಳಿಗೂ ಮೃತರಿಗೂ ಮಾತ್ರ ಕಲ್ಲು ಬೇಕು, ಏಕೆಂದರೆ ಅವರ ವಾಸಕ್ಕೆ ಕೊನೆಯಿಲ್ಲ. ಅರಸರ ಸ್ಮಾರಕಾಲಯಗಳನ್ನು ಐಗುಪ್ತ್ಯರು ಕೋಟ್ಯಂತರ ವರ್ಷಗಳ ಮನೆ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು.

ಕ್ರಿ.ಪೂ. 27ನೆಯ ಶತಮಾನದಲ್ಲಿ ಸಕ್ಕಾರದಲ್ಲಿ ಜೋಸೆರ್ ಅರಸನಿಗಾಗಿ ಎದ್ದ ಮೆಟ್ಟಿಲು ಪಿರಮಿಡ್ ಈ ವಿಚಾರಕ್ಕೆ ಒಳ್ಳೆಯ ಸಾಕ್ಷಿ. ಸುಮಾರು 60 ಮೀಟರ್ ಎತ್ತರದ ಆ ರಚನೆಯ ಆವರಣದಲ್ಲಿ ಕಲ್ಲಿನ ಕಂಬಗಳನ್ನು ಜೊಂಡಿನ ಕಟ್ಟುಗಳಂತೆಯೂ ಕಲ್ಲಿನ ಮಾಳಿಗೆಯನ್ನು ಸಾಲಾಗಿ ಜೋಡಿಸಿದ ಮರದ ದಿಮ್ಮಿಗಳಂತೆಯೂ ಕೆತ್ತಿದ್ದಾರೆ. ಹಿಂದಿನ ಕಟ್ಟಡಗಳ ಜೊಂಡು ಕೊಳೆತುಹೋಗಿತ್ತು, ಮರ ಮುರಿದುಹೋಗಿತ್ತು. ಅವುಗಳ ರೂಪವನ್ನು ಅಳಿಯದ ವಸ್ತುವಿಗೆ ವರ್ಗಾಯಿಸಿದರು. ಸಾವನ್ನು ಗೆಲ್ಲುವ ಹಂಬಲವೇ ಅಲ್ಲಿ ಕಲ್ಲಾಗಿದೆ.

ಆದರೆ ಶಾಶ್ವತತೆಗೆ ದುಡಿಯುವವರು ಬೇಕು. ಕ್ರಿ.ಪೂ. 15ನೆಯ ಶತಮಾನದ ಮಂತ್ರಿ ರೆಖ್ಮಿರೆಯ ಸಮಾಧಿಯ ಗೋಡೆಯ ಮೇಲೆ ಇಟ್ಟಿಗೆ ಮಾಡುವವರ ಚಿತ್ರವಿದೆ. ಕೊಳದಿಂದ ನೀರು ತರುವವರು, ಮಣ್ಣು ಕಲಸುವವರು, ಅಚ್ಚು ಒತ್ತುವವರು, ಒಣಗಿದ ಇಟ್ಟಿಗೆಯನ್ನು ಹೊರುವವರು ಸಾಲಾಗಿ ಕಾಣುತ್ತಾರೆ. ಕೋಲು ಹಿಡಿದ ಮೇಲ್ವಿಚಾರಕನೂ ಇದ್ದಾನೆ. ದುಡಿಯುವವರಲ್ಲಿ ಯುದ್ಧದಲ್ಲಿ ಸೆರೆಸಿಕ್ಕ ಪರದೇಶದವರು ಇದ್ದಾರೆ. ಅವರು ಇಸ್ರಾಯೇಲ್ಯರೆಂದು ನಾವು ಹೇಳಲಾರೆವು. ಆದರೂ ವಿಮೋಚನಕಾಂಡದ ಮೊದಲನೆಯ ಮತ್ತು ಐದನೆಯ ಅಧ್ಯಾಯಗಳಲ್ಲಿ ಬರುವ ಮಣ್ಣು, ಹುಲ್ಲು, ದಿನದ ಇಟ್ಟಿಗೆಗಳ ಲೆಕ್ಕ, ಬೆನ್ನಿನ ಮೇಲಿನ ಏಟುಗಳು ಯಾವ ಲೋಕದವು ಎಂಬುದನ್ನು ಆ ಚಿತ್ರ ಕಣ್ಣಮುಂದೆ ನಿಲ್ಲಿಸುತ್ತದೆ. ಯಜ್ಞವೇದಿಯ ನಿಯಮವನ್ನು ಮೊದಲು ಕೇಳಿಸಿಕೊಂಡವರು ಇಟ್ಟಿಗೆಯ ಲೆಕ್ಕ ಒಪ್ಪಿಸಿ ಬಂದ ಜನರೆಂದು ವಿಮೋಚನಕಾಂಡ ನಮಗೆ ಹೇಳುತ್ತಿದೆ. ಈ ಹಿನ್ನೆಲೆಯನ್ನು ಮರೆತರೆ ನಿಯಮದ ಅರ್ಥವು ಮಸುಕಾಗುತ್ತದೆ.

ಯಜ್ಞವೇದಿಯ ನಿಯಮ

ನಿಯಮವು ಸರಳವಾಗಿದೆ. ಯಜ್ಞವೇದಿಯನ್ನು ಮಣ್ಣಿನಿಂದ ಮಾಡಬೇಕು. ಕಲ್ಲಿನಿಂದ ಮಾಡುವುದಾದರೆ ಕೆತ್ತಿದ ಕಲ್ಲನ್ನು ಬಳಸಬಾರದು. ಉಳಿ ತಗಲಿದ ಕಲ್ಲು ಅಪವಿತ್ರವಾಗುವುದು. ಧರ್ಮೋಪದೇಶಕಾಂಡವು ಇದನ್ನೇ ಏಬಾಲ್ ಬೆಟ್ಟದ ಯಜ್ಞವೇದಿಗೆ ಅನ್ವಯಿಸಿ, ಕಬ್ಬಿಣದ ಆಯುಧವನ್ನು ಮುಟ್ಟಿಸದ ಇಡೀ ಕಲ್ಲುಗಳು ಬೇಕೆಂದು ಹೇಳುತ್ತದೆ (ಧರ್ಮೋ. 27:5-6). ಯೆಹೋಶುವನು ಹಾಗೆಯೇ ಮಾಡಿದನು (ಯೆಹೋ. 8:31).

ಇಲ್ಲಿ ಮೂರು ಇಬ್ರಿಯ ಪದಗಳನ್ನು ಗಮನಿಸಬೇಕು. ಕೆತ್ತಿದ ಕಲ್ಲಿಗೆ ಬಳಸಿರುವ ಪದ ಗಾಜೀತ್. ಕಲ್ಲನ್ನು ಕೆಡಿಸುವ ಉಪಕರಣಕ್ಕೆ ವಿಮೋಚನಕಾಂಡದಲ್ಲಿ ಬಳಸಿರುವ ಪದ ಹೆರೆವ್. ಇತರ ಕಡೆಗಳಲ್ಲಿ ಇದಕ್ಕೆ ಕತ್ತಿ ಎಂದೇ ಅರ್ಥ. ಏಬಾಲಿನ ಇಡೀ ಕಲ್ಲುಗಳಿಗೆ ಬಳಸಿರುವ ಪದ ಶೆಲೇಮಾ. ಸಮಾಧಾನವನ್ನು ಸೂಚಿಸುವ ಶಾಲೋಮ್ ಪದಕ್ಕೂ ಇದಕ್ಕೂ ಮೂಲಧಾತು ಒಂದೇ. ಕತ್ತಿಯಿಂದ ಗಾಯಗೊಳ್ಳದ ಕಲ್ಲು ಸಮಾಧಾನದ ಕಲ್ಲು. ರಬ್ಬಿಗಳು ಈ ಸೂಚನೆಯನ್ನು ಚೆನ್ನಾಗಿ ಗ್ರಹಿಸಿದರು. ಮನುಷ್ಯನ ಆಯುಸ್ಸನ್ನು ಕಡಿಮೆ ಮಾಡಲು ಹುಟ್ಟಿದ್ದು ಕಬ್ಬಿಣ, ಅದನ್ನು ಹೆಚ್ಚಿಸಲು ಹುಟ್ಟಿದ್ದು ಯಜ್ಞವೇದಿ, ಆದುದರಿಂದ ಒಂದು ಮತ್ತೊಂದರ ಮೇಲೆ ಏಳಬಾರದು ಎಂಬ ಅಭಿಪ್ರಾಯವನ್ನು ಮಿಷ್ನಾದ ಮಿದ್ದೋತ್ ಪ್ರಕರಣವು ದಾಖಲಿಸಿದೆ. ಎರಡನೆಯ ದೇವಾಲಯದ ಯಜ್ಞವೇದಿಗೆ ಸುಣ್ಣ ಬಳಿಯುವಾಗಲೂ ಕಬ್ಬಿಣದ ಕರಣೆಯನ್ನು ಉಪಯೋಗಿಸುತ್ತಿರಲಿಲ್ಲವೆಂದು ಅದೇ ಪ್ರಕರಣ ತಿಳಿಸುತ್ತದೆ.

ನಿಯಮದ ಇನ್ನೊಂದು ಅಂಶವೂ ಅಷ್ಟೇ ಮುಖ್ಯ. ಯೆಹೋವನು ತನ್ನ ಹೆಸರನ್ನು ಎಲ್ಲಿ ಜ್ಞಾಪಕಕ್ಕೆ ತರುವನೋ ಅಲ್ಲಿಗೆ ಬಂದು ಆಶೀರ್ವದಿಸುವೆನೆಂದು ಮಾತು ಕೊಡುತ್ತಾನೆ (ವಿಮೋ. 20:24). ಬಾಬೆಲಿನಲ್ಲಿ ಕಟ್ಟುವವನು ತನ್ನ ಹೆಸರನ್ನು ಇಟ್ಟಿಗೆಯ ಮೇಲೆ ಒತ್ತುತ್ತಾನೆ. ಇಲ್ಲಿ ಹೆಸರು ದೇವರದು, ಅದನ್ನು ನೆನಪಿಗೆ ತರುವವನೂ ದೇವರೇ. ಕೆತ್ತದ ಕಲ್ಲಿನಲ್ಲಿ ಮನುಷ್ಯನ ಹೆಸರಿಗೆ ಜಾಗವಿಲ್ಲ. ಅದನ್ನು ಹೊಲದಿಂದ ಆರಿಸಿ ತರಲು ಗಣಿ ಬೇಡ, ಸೆರೆಯಾಳು ಬೇಡ, ಅರಸನ ಬೊಕ್ಕಸವೂ ಬೇಡ. ಅತ್ಯಂತ ಬಡ ಕುಟುಂಬವೂ ಒಂದು ಬೆಳಗಿನಲ್ಲಿ ಅಂಥ ವೇದಿಯನ್ನು ಕಟ್ಟಬಲ್ಲದು. ಇಟ್ಟಿಗೆಯ ಗೂಡಿನಿಂದ ಬಿಡುಗಡೆಯಾದವರಿಗೆ ಕೊಡಲ್ಪಟ್ಟ ಆರಾಧನೆಯು ಮೊದಲ ಹೆಜ್ಜೆಯಲ್ಲಿಯೇ ಬಿಟ್ಟೀ ಕೆಲಸವನ್ನು ಅನಗತ್ಯಗೊಳಿಸಿತು.

ಅರಾದ್ ಮತ್ತು ಬೇರ್ಷೆಬ

ಈ ನಿಯಮವು ಬರಿಯ ಬರಹವಾಗಿತ್ತೇ, ಜನರು ಅದನ್ನು ನಡೆಸುತ್ತಿದ್ದರೇ? 1960ರ ದಶಕದಲ್ಲಿ ಯೋಹಾನಾನ್ ಅಹರೋನಿಯವರ ನೇತೃತ್ವದಲ್ಲಿ ಯೆಹೂದದ ದಕ್ಷಿಣ ಸೀಮೆಯ ಅರಾದ್ ಕೋಟೆಯ ಉತ್ಖನನ ನಡೆಯಿತು. ಕೋಟೆಯೊಳಗೆ ಯೆಹೂದದ ಅರಸರ ಕಾಲದ ಒಂದು ಚಿಕ್ಕ ಆಲಯವೂ ಅದರ ಅಂಗಳದಲ್ಲಿ ಯಜ್ಞವೇದಿಯೂ ಬೆಳಕಿಗೆ ಬಂದವು. ಮಣ್ಣು ಮತ್ತು ಕೆತ್ತದ ಹೊಲಗಲ್ಲುಗಳಿಂದ ಕಟ್ಟಿದ ಆ ವೇದಿಯ ಪ್ರತಿ ಬದಿಯೂ ಸುಮಾರು ಎರಡೂವರೆ ಮೀಟರ್, ಅಂದರೆ ಐದು ಮೊಳ. ವಸ್ತುವಿನಲ್ಲಿ ಅದು ವಿಮೋಚನಕಾಂಡದ 20ನೆಯ ಅಧ್ಯಾಯಕ್ಕೂ ಅಳತೆಯಲ್ಲಿ 27ನೆಯ ಅಧ್ಯಾಯಕ್ಕೂ ಹೊಂದಿಕೊಳ್ಳುತ್ತದೆ.

ಅಲ್ಲಿಂದ ಹೆಚ್ಚು ದೂರವಿಲ್ಲದ ಬೇರ್ಷೆಬದಲ್ಲಿ 1973ರಲ್ಲಿ ದೊರೆತದ್ದು ಬೇರೆಯ ಕಥೆ. ಕ್ರಿ.ಪೂ. 8ನೆಯ ಶತಮಾನದ ಉಗ್ರಾಣವೊಂದರ ಗೋಡೆಯಲ್ಲಿ ಕೊಂಬುಗಳುಳ್ಳ ಯಜ್ಞವೇದಿಯ ಕಲ್ಲುಗಳು ಕಂಡುಬಂದವು. ಅವು ನುಣುಪಾಗಿ ಕೆತ್ತಿದ ಕಲ್ಲುಗಳು. ಒಂದರ ಮೇಲೆ ಹಾವಿನ ರೇಖಾಚಿತ್ರವಿತ್ತು. ಯಾರೋ ವೇದಿಯನ್ನು ಕೆಡವಿ, ಅದರ ಕಲ್ಲುಗಳನ್ನು ಉಗ್ರಾಣದ ಗೋಡೆಗೆ ಸೇರಿಸಿದ್ದರು. ಹಿಜ್ಕೀಯನ ಸುಧಾರಣೆಯ ಕಾಲದಲ್ಲಿ ಇದು ನಡೆದಿರಬೇಕೆಂದು ಅಹರೋನಿಯವರು ಅಭಿಪ್ರಾಯಪಟ್ಟರು. ಕಾರಣವೇನೇ ಇರಲಿ, ಒಂದೇ ರಾಜ್ಯದ ಎರಡು ನೆರೆಪಟ್ಟಣಗಳಲ್ಲಿ ಒಂದು ನಿಯಮವನ್ನು ಪಾಲಿಸಿತ್ತು, ಇನ್ನೊಂದು ಪಾಲಿಸಿರಲಿಲ್ಲ. ನಿಯಮವು ಜನರಿಗೆ ತಾನಾಗಿಯೇ ಸಹಜವಾಗಿ ತೋರಿದ್ದಲ್ಲ; ಚೆಂದದ ಕಲ್ಲಿನ ಆಸೆಯ ಎದುರಿನಲ್ಲಿ ಅದು ಮತ್ತೆ ಮತ್ತೆ ಹೇಳಬೇಕಾದ ಮಾತಾಗಿತ್ತು.

ದೇವದಾರು ಮತ್ತು ಬಿಟ್ಟೀ ಕೆಲಸ

ಸೊಲೊಮೋನನ ದೇವಾಲಯದ ಮುಂದೆ ನಿಂತಾಗ ಪ್ರಶ್ನೆಯು ಇನ್ನಷ್ಟು ಕಠಿಣವಾಗುತ್ತದೆ. 60 ಮೊಳ ಉದ್ದ, 20 ಮೊಳ ಅಗಲ, 30 ಮೊಳ ಎತ್ತರದ ಆ ಆಲಯದ ಗೋಡೆ ಕಲ್ಲಿನದು. ಆದರೆ ಒಳಗೆ ಒಂದು ಕಲ್ಲೂ ಕಾಣದಂತೆ ಲೆಬನೋನಿನ ದೇವದಾರಿನ ಹಲಗೆಗಳನ್ನು ಹೊದಿಸಿ, ಅದರ ಮೇಲೆ ಬಂಗಾರವನ್ನು ಹೊದಿಸಲಾಗಿತ್ತು (1 ಅರಸು. 6:2, 18, 22). ಹುಳು ತಿನ್ನದ, ಕೊಳೆಯದ, ಸುವಾಸನೆಯ ದೇವದಾರನ್ನು ಸುಮೇರಿನ ಕಾಲದಿಂದಲೂ ಅರಸರು ತಮ್ಮ ದೇವತೆಗಳ ಆಲಯಗಳಿಗೆ ತರಿಸುತ್ತಿದ್ದರು, ಗುದೇಯನೂ ತರಿಸಿದ್ದನು. ಹೀಗೆ ಸೊಲೊಮೋನನು ಅಕ್ಕಪಕ್ಕದ ಅರಸರ ಭಾಷೆಯಲ್ಲಿಯೇ ಮಾತಾಡಿದನು.

ಅರಸುಗಳ ಗ್ರಂಥದ ಲೇಖಕನು ಈ ಆಲಯವನ್ನು ಸಂತೋಷದಿಂದಲೇ ವರ್ಣಿಸುತ್ತಾನೆ. ಯೆಹೋವನ ಮಹಿಮೆಯು ಅದನ್ನು ತುಂಬಿಕೊಂಡಿತು, ಉನ್ನತೋನ್ನತವಾದ ಆಕಾಶವೂ ದೇವರಿಗೆ ಸಾಲದೆಂದು ಕಟ್ಟಿದವನೇ ಪ್ರಾರ್ಥನೆಯಲ್ಲಿ ಒಪ್ಪಿಕೊಂಡನು (1 ಅರಸು. 8:11, 27). ಆದರೂ ಲೇಖಕನು ಪದಗಳನ್ನು ಆರಿಸಿರುವ ರೀತಿಯನ್ನು ನೋಡಿದರೆ ಅವನಿಗೆ ಯಜ್ಞವೇದಿಯ ನಿಯಮ ನೆನಪಿತ್ತೆಂದು ತೋರುತ್ತದೆ. ಅಸ್ತಿವಾರಕ್ಕೆ ತಂದ ಕಲ್ಲುಗಳನ್ನು ಅವನು ಗಾಜೀತ್ ಎಂದೇ ಕರೆಯುತ್ತಾನೆ (1 ಅರಸು. 5:17). ಮುಂದಿನ ಅಧ್ಯಾಯದಲ್ಲಿ, ಕಟ್ಟುವ ಸ್ಥಳದಲ್ಲಿ ಸುತ್ತಿಗೆ ಕೊಡಲಿಗಳ ಶಬ್ದವಾಗಲಿ ಬೇರೆ ಕಬ್ಬಿಣದ ಆಯುಧದ ಶಬ್ದವಾಗಲಿ ಕೇಳಿಬರಲಿಲ್ಲವೆಂದು ಹೇಳುವಾಗ, ಗಣಿಯಿಂದ ಸಿದ್ಧವಾಗಿ ಬಂದ ಕಲ್ಲಿಗೆ ಶೆಲೇಮಾ ಎಂಬ ಪದವನ್ನು ಬಳಸುತ್ತಾನೆ (1 ಅರಸು. 6:7). ಏಬಾಲಿನಲ್ಲಿ ಆ ಪದಕ್ಕೆ ಮುಟ್ಟದ ಕಲ್ಲು ಎಂಬ ಅರ್ಥ. ಇಲ್ಲಿ ಪೂರ್ತಿಯಾಗಿ ಕೆತ್ತಿ ಮುಗಿಸಿದ ಕಲ್ಲು ಎಂಬ ಅರ್ಥ. ಪದ ಉಳಿಯಿತು, ಸಂಗತಿ ಬದಲಾಯಿತು.

ದೇವಾಲಯದ ಬೆಟ್ಟದ ಮೇಲೆ ನಿಶ್ಶಬ್ದವಿತ್ತೆಂಬುದು ನಿಜ. ಆದರೆ ಶಬ್ದ ನಿಂತಿರಲಿಲ್ಲ, ಗಣಿಗೆ ವರ್ಗವಾಗಿತ್ತು. ಅದೇ ಗ್ರಂಥದ ಲೆಕ್ಕದ ಪ್ರಕಾರ ಬೆಟ್ಟಗಳಲ್ಲಿ 80,000 ಮಂದಿ ಕಲ್ಲು ಕಡಿಯುತ್ತಿದ್ದರು, 70,000 ಮಂದಿ ಹೊರೆ ಹೊರುತ್ತಿದ್ದರು, ಇಸ್ರಾಯೇಲ್ಯರೊಳಗಿಂದ ಬಿಟ್ಟಿಗೆ ಹಿಡಿದ 30,000 ಮಂದಿ ಸರದಿಯ ಮೇಲೆ ಲೆಬನೋನಿಗೆ ಹೋಗುತ್ತಿದ್ದರು (1 ಅರಸು. 5:13-15). ಆರಾಧಕನ ಕಿವಿಗೆ ಬೀಳದಷ್ಟು ದೂರದಲ್ಲಿ ದುಡಿಮೆ ನಡೆಯಿತು. ಆಲಯಕ್ಕೆ ಏಳು ವರ್ಷ, ಅರಮನೆಗೆ ಹದಿಮೂರು ವರ್ಷ ಹಿಡಿಯಿತೆಂದು ಲೇಖಕನು ಯಾವ ಟೀಕೆಯೂ ಇಲ್ಲದೆ ಬರೆದು ಮುಂದೆ ಹೋಗುತ್ತಾನೆ. ಸೊಲೊಮೋನನ ಮರಣದ ನಂತರ ಜನರು ಅವನ ಮಗನ ಬಳಿಗೆ ಬಂದು ಬೇಡಿದ್ದು ನೊಗವನ್ನು ಹಗುರ ಮಾಡಬೇಕೆಂದು. ರೆಹಬ್ಬಾಮನು ಕೇಳಲಿಲ್ಲ, ಬಿಟ್ಟೀ ಕೆಲಸದ ಮೇಲ್ವಿಚಾರಕನನ್ನೇ ಅವರ ಬಳಿಗೆ ಕಳುಹಿಸಿದನು. ಜನರು ಅವನನ್ನು ಕಲ್ಲೆಸೆದು ಕೊಂದರು (1 ಅರಸು. 12:18). ರಾಜ್ಯ ಎರಡಾಯಿತು.

ಪ್ರವಾದಿಗಳು ಈ ಎಳೆಯನ್ನು ಬಿಡಲಿಲ್ಲ. ಬಡವರನ್ನು ತುಳಿದು ಗೋದಿಯನ್ನು ಕಿತ್ತುಕೊಂಡವರು ಕಟ್ಟಿಕೊಂಡ ಮನೆಗಳನ್ನು ಕುರಿತು ಆಮೋಸನು ಮಾತಾಡುವಾಗ ಅವುಗಳನ್ನು ಗಾಜೀತಿನ ಮನೆಗಳೆನ್ನುತ್ತಾನೆ (ಆಮೋ. 5:11). ನೆರೆಯವನಿಂದ ಕೂಲಿಯಿಲ್ಲದೆ ದುಡಿಸಿಕೊಂಡು ದೇವದಾರಿನ ಅರಮನೆ ಕಟ್ಟಿಸುವ ಯೆಹೋಯಾಕೀಮನಿಗೆ ಯೆರೆಮೀಯನು ಅಯ್ಯೋ ಎನ್ನುತ್ತಾನೆ, ದೇವದಾರಿನಲ್ಲಿ ಇತರರನ್ನು ಮೀರಿಸಿದ ಮಾತ್ರಕ್ಕೆ ಅರಸನಾದೆಯೋ ಎಂಬುದು ಅವನ ಪ್ರಶ್ನೆ (ಯೆರೆ. 22:13-15).

ಹಾಗಾದರೆ ಸತ್ಯವೇದವು ಕಲೆಯನ್ನೂ ಸೊಬಗನ್ನೂ ಒಲ್ಲದೆ? ಖಂಡಿತ ಇಲ್ಲ. ದೇವದರ್ಶನದ ಗುಡಾರದಲ್ಲಿ ಬಂಗಾರವಿತ್ತು, ಧೂಮ್ರವರ್ಣದ ದಾರವಿತ್ತು, ಜಾಲೀಮರದ ಕೆತ್ತನೆಯಿತ್ತು, ಅದನ್ನು ಮಾಡಿದ ಬೆಚಲೇಲನು ದೇವರಾತ್ಮಭರಿತನಾಗಿದ್ದನು (ವಿಮೋ. 31:3). ಆದರೆ ಆ ಬಂಗಾರ ಬಂದ ದಾರಿ ಬೇರೆ. ಮನಸ್ಸಿದ್ದವರು ಮಾತ್ರ ತಂದರು, ಬೇಕಾದದ್ದಕ್ಕಿಂತ ಹೆಚ್ಚಾದಾಗ, ಇನ್ನು ತರಬೇಡಿರೆಂದು ಮೋಶೆಯು ಪಾಳೆಯದಲ್ಲೆಲ್ಲಾ ಸಾರಿಸಿದನು (ವಿಮೋ. 36:5-7). ಕಾಣಿಕೆ ಸಾಕೆಂದು ಪ್ರಕಟಿಸಿದ ಕಟ್ಟಡ ನಿಧಿಯ ಉದಾಹರಣೆ ಸತ್ಯವೇದದಲ್ಲಿ ನಮಗೆ ಇದೊಂದೇ ದೊರೆಯುತ್ತದೆ. ಬಂಗಾರ ಅದೇ, ಕೈ ಬೇರೆ.

ಹೆರೋದನ ಕಲ್ಲುಗಳು

ಕ್ರಿ.ಪೂ. 164ರಲ್ಲಿ ಯೂದಾ ಮಕ್ಕಬಿಯು ಅಂತಿಯೋಕನಿಂದ ಅಪವಿತ್ರಗೊಂಡಿದ್ದ ದೇವಾಲಯವನ್ನು ಮರಳಿ ಪಡೆದಾಗ, ಹಳೆಯ ಯಜ್ಞವೇದಿಯನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ಮಕ್ಕಬಿಯರ ಮೊದಲನೆಯ ಗ್ರಂಥದ ನಾಲ್ಕನೆಯ ಅಧ್ಯಾಯದ ಪ್ರಕಾರ, ಅದನ್ನು ಕೆಡವಿ, ಪ್ರವಾದಿಯೊಬ್ಬನು ಬಂದು ಹೇಳುವ ತನಕ ಅದರ ಕಲ್ಲುಗಳನ್ನು ಬೆಟ್ಟದ ಮೇಲೆ ತಕ್ಕ ಸ್ಥಳದಲ್ಲಿ ಇಟ್ಟರು. ಧರ್ಮಶಾಸ್ತ್ರದಂತೆ ಕೆತ್ತದ ಕಲ್ಲುಗಳನ್ನು ತಂದು ಹೊಸ ವೇದಿಯನ್ನು ಕಟ್ಟಿದರು. ಸುತ್ತಲೂ ಎಷ್ಟೇ ವೈಭವವಿದ್ದರೂ ಅದರ ನಡುವೆ ಒರಟು ಕಲ್ಲಿನ ವೇದಿಯೊಂದು ನಿಲ್ಲಬೇಕೆಂಬ ಅರಿವು ಜನರಲ್ಲಿ ಜೀವಂತವಾಗಿತ್ತು.

ಹೆರೋದನು ಕ್ರಿ.ಪೂ. 20ರ ಸುಮಾರಿಗೆ ಆರಂಭಿಸಿದ ಪುನರ್ನಿರ್ಮಾಣವು ಆ ವೇದಿಯ ಸುತ್ತ ತನ್ನ ಕಾಲದ ಅತ್ಯಂತ ಭವ್ಯವಾದ ಕಲ್ಲಿನ ಕೆಲಸವನ್ನು ಎಬ್ಬಿಸಿತು. ಪಶ್ಚಿಮದ ಆಸರೆಗೋಡೆಯಲ್ಲಿ ಇಂದಿಗೂ ಕಾಣುವ ಒಂದು ಕಲ್ಲಿನ ಉದ್ದ 13 ಮೀಟರಿಗಿಂತ ಹೆಚ್ಚು. ಒಳಗಿನ ಭಾಗಗಳಲ್ಲಿ ಕೆಲಸ ಮಾಡಲೆಂದು ಸಾವಿರ ಮಂದಿ ಯಾಜಕರಿಗೆ ಕಲ್ಲುಕೆಲಸ, ಬಡಗಿಕೆಲಸಗಳನ್ನು ಕಲಿಸಲಾಯಿತೆಂದು ಜೋಸೆಫಸನು ಬರೆದಿದ್ದಾನೆ. ಇಂಥ ಕಲ್ಲುಗಳನ್ನು ಕಂಡೇ ಶಿಷ್ಯನೊಬ್ಬನು ಬೆರಗಾಗಿ ಗುರುವಿಗೆ ತೋರಿಸಿದನು. ಕಲ್ಲಿನ ಮೇಲೆ ಕಲ್ಲು ಉಳಿಯದೆಂಬ ಉತ್ತರ ಬಂತು (ಮಾರ್ಕ 13:1-2). ಮಾರ್ಕನು ಈ ಸಂಭಾಷಣೆಯನ್ನು ಇಟ್ಟಿರುವ ಸ್ಥಳವನ್ನು ಬೋಧಕರು ಗಮನಿಸಬೇಕು. ಅದಕ್ಕೆ ಸ್ವಲ್ಪ ಮುಂಚೆ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಖಂಡನೆಯಿದೆ. ಅದರ ಬೆನ್ನಿಗೇ ತನ್ನ ಜೀವನಕ್ಕಿದ್ದ ಎರಡು ಕಾಸುಗಳನ್ನು ದೇವಾಲಯದ ಬೊಕ್ಕಸಕ್ಕೆ ಹಾಕಿದ ಬಡ ವಿಧವೆ ಇದ್ದಾಳೆ. ಅಧ್ಯಾಯಗಳ ವಿಭಜನೆ ನಡುವೆ ಬಂದಿರುವುದರಿಂದ ನಾವು ಆ ಕಾಸುಗಳನ್ನೂ ಈ ಕಲ್ಲುಗಳನ್ನೂ ಬೇರೆ ಬೇರೆ ಪ್ರಸಂಗಗಳಲ್ಲಿ ಬೋಧಿಸುತ್ತೇವೆ. ಮಾರ್ಕನು ಅವನ್ನು ಒಟ್ಟಿಗೆ ಇಟ್ಟನು.

ಯೇಸುವಿನ ವಿಚಾರಣೆಯಲ್ಲಿ ಸಾಕ್ಷಿಗಳು ಆತನ ಮೇಲೆ ಹೊರಿಸಿದ ಮಾತಿನಲ್ಲಿ ಕೈಯಿಂದ ಕಟ್ಟಿದ ಆಲಯ, ಕೈಯಿಂದ ಕಟ್ಟದ ಆಲಯ ಎಂಬ ಭೇದ ಬರುತ್ತದೆ (ಮಾರ್ಕ 14:58). ಕೈಯಿಂದ ಮಾಡಿದ್ದು ಎಂಬ ಗ್ರೀಕ್ ಪದವನ್ನು ಹಳೆಯ ಒಡಂಬಡಿಕೆಯ ಗ್ರೀಕ್ ಭಾಷಾಂತರವು ವಿಗ್ರಹಗಳಿಗೆ ಬಳಸಿತ್ತು. ಅದೇ ಪದವನ್ನು ಸ್ತೆಫನನು ದೇವಾಲಯದ ಸಂಬಂಧವಾಗಿ ಉಪಯೋಗಿಸಿದನು (ಅ.ಕೃ. 7:48), ಮತ್ತು ಕಲ್ಲುಗಳಿಂದಲೇ ಸತ್ತನು. ಉಳಿ ಮುಟ್ಟದ ಕಲ್ಲು, ಕೈಯ ಸಹಾಯವಿಲ್ಲದೆ ಒಡೆಯಲ್ಪಟ್ಟ ದಾನಿಯೇಲನ ಗುಂಡುಬಂಡೆ (ದಾನಿ. 2:34), ಕೈಯಿಂದ ಕಟ್ಟದ ಆಲಯ ಇವು ಮೂರೂ ಒಂದೇ ಎಳೆಗೆ ಸೇರಿದವು. ಪೇತ್ರನ ಮೊದಲನೆಯ ಪತ್ರಿಕೆಯು ಆ ಎಳೆಯನ್ನು ವಿಶ್ವಾಸಿಗಳವರೆಗೆ ತರುತ್ತದೆ. ಪರದೇಶಿಗಳೂ ಪ್ರವಾಸಿಗಳೂ ಆದ, ಅಂದರೆ ಸ್ವಂತ ನೆಲೆಯಿಲ್ಲದ ಜನರನ್ನು ಅದು ಜೀವವುಳ್ಳ ಕಲ್ಲುಗಳೆನ್ನುತ್ತದೆ (1 ಪೇತ್ರ 2:5, 11). ಅವರ ಮೂಲೆಗಲ್ಲು ಕಟ್ಟುವವರು ಬೇಡವೆಂದು ಎಸೆದ ಕಲ್ಲು.

ದೂರಾದ ಮನೆ

ಮೊದಲ ಕ್ರೈಸ್ತರು ಈ ಬೋಧನೆಯನ್ನು ಹೇಗೆ ಬಾಳಿದರೆಂಬುದಕ್ಕೆ ಯೂಫ್ರೆಟಿಸ್ ದಂಡೆಯ ದೂರಾ-ಯುರೋಪೊಸ್ ಪಟ್ಟಣದಲ್ಲಿ ಸಾಕ್ಷಿಯಿದೆ. ಅಲ್ಲಿ ಕ್ರಿ.ಶ. 3ನೆಯ ಶತಮಾನದ ಮೊದಲರ್ಧದಲ್ಲಿ ಒಂದು ಸಾಮಾನ್ಯ ವಾಸದ ಮನೆಯನ್ನು ಸಭೆಯು ಆರಾಧನೆಗೆ ಹೊಂದಿಸಿಕೊಂಡಿತು. ಎರಡು ಕೋಣೆಗಳ ನಡುವಣ ಗೋಡೆಯನ್ನು ತೆಗೆದು ಕೂಡುವ ಸ್ಥಳ ಮಾಡಿಕೊಂಡರು. ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ ಕಟ್ಟಿ, ಗೋಡೆಯ ಮೇಲೆ ಒಳ್ಳೇ ಕುರುಬನನ್ನೂ ಸಮಾಧಿಯ ಬಳಿಗೆ ಬರುವ ಸ್ತ್ರೀಯರನ್ನೂ ಚಿತ್ರಿಸಿದರು. ಹೊರಗಿನಿಂದ ನೋಡಿದರೆ ಅದು ಬೀದಿಯ ಇತರ ಮನೆಗಳಂತೆಯೇ ಇತ್ತು. 256ರ ಸುಮಾರಿಗೆ ಪರ್ಷಿಯದ ಸೈನ್ಯ ಮುತ್ತಿಗೆ ಹಾಕಿದಾಗ, ಕೋಟೆಗೋಡೆಯನ್ನು ಭದ್ರಪಡಿಸಲೆಂದು ರೋಮನ್ ಸೈನಿಕರು ಅದರ ಪಕ್ಕದ ಕಟ್ಟಡಗಳಿಗೆ ಮಣ್ಣು ತುಂಬಿದರು. ಪಟ್ಟಣ ಅಳಿಯಿತು, ಮಣ್ಣಿನೊಳಗೆ ಆ ಮನೆ ಉಳಿಯಿತು. ಉತ್ಖನನಕಾರರು ಅದನ್ನು ಕಂಡದ್ದು 1930ರ ದಶಕದ ಆರಂಭದಲ್ಲಿ.

ಆ ಸಭೆಗೆ ಸಾಮಗ್ರಿಯ ಹೆಮ್ಮೆಯಿರಲಿಲ್ಲ. ಹಾಗೆಂದು ಸೊಬಗಿನ ದ್ವೇಷವೂ ಇರಲಿಲ್ಲ; ಇದ್ದ ಗೋಡೆಯ ಮೇಲೆ ತಮಗೆ ತಿಳಿದಷ್ಟು ಚೆನ್ನಾಗಿ ಬರೆದರು.

ನಮ್ಮ ಸಭೆಗಳ ಕಟ್ಟಡಗಳು

ಈ ಚರಿತ್ರೆಯನ್ನು ಓದುವ ಕರ್ನಾಟಕದ ಬೋಧಕನಿಗೆ ಮಂಗಳೂರಿನ ಹೆಂಚು ನೆನಪಾಗದೆ ಇರದು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆಯಿತು. ಕ್ರಿಸ್ತನನ್ನು ಒಪ್ಪಿಕೊಂಡ ಕಾರಣ ಜಾತಿಯ ಕಸುಬನ್ನೂ ಆಸರೆಯನ್ನೂ ಕಳೆದುಕೊಂಡವರಿಗೆ ಉದ್ಯೋಗ ಕೊಡುವುದು ಮಿಶನಿನ ಕೈಗಾರಿಕೆಗಳ ಮುಖ್ಯ ಉದ್ದೇಶಗಳಲ್ಲೊಂದು. ಅದೇ ನದೀತೀರದ ಜೇಡಿಯಿಂದಾದ ಹೆಂಚು ದೇವಾಲಯ, ಗುಡಿ, ಮಸೀದಿ, ಶಾಲೆ, ಮನೆಗಳೆಲ್ಲವನ್ನೂ ಹೊದಿಸಿತು. ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಒತ್ತಲ್ಪಟ್ಟಿತ್ತು. ಜೇಡಿ ತುಳಿದವರ, ಗೂಡಿನ ಬೆಂಕಿಯ ಮುಂದೆ ನಿಂತವರ ಹೆಸರು ಅದರ ಮೇಲಿಲ್ಲ. ಆದರೂ ಆ ಹೆಂಚಿಗೆ ಒಂದು ಗೌರವವಿದೆ, ಏಕೆಂದರೆ ಅದನ್ನು ಮಾಡಿದವರು ಅದರಿಂದ ಅನ್ನ ಉಂಡರು.

ಇಂದು ಅನೇಕ ಸಭೆಗಳಲ್ಲಿ ಹೆಂಚಿನ ಹಳೆಯ ದೇವಾಲಯವನ್ನು ಇಳಿಸಿ ಕಾಂಕ್ರೀಟು ಮತ್ತು ಗ್ರಾನೈಟಿನ ಹೊಸ ಕಟ್ಟಡವನ್ನು ಎಬ್ಬಿಸುವ ಚರ್ಚೆ ನಡೆಯುತ್ತಿದೆ. ಕಟ್ಟಡ ಸಮಿತಿಯ ಅಧ್ಯಕ್ಷತೆ ಬಹುತೇಕ ಸಭಾಪಾಲಕರ ಮೇಲೆಯೇ ಬೀಳುತ್ತದೆ. ಕಟ್ಟಬೇಕೋ ಬೇಡವೋ ಎಂಬುದಕ್ಕೆ ಪ್ರಾಚೀನ ಚರಿತ್ರೆಯು ಸಿದ್ಧ ಉತ್ತರ ಕೊಡುವುದಿಲ್ಲ. ಮಳೆಗೆ ಸೋರುವ ಆಲಯವನ್ನು ಸರಿಪಡಿಸುವುದು ಭಕ್ತಿಯ ಕೆಲಸವೇ; ದೇವರ ಮನೆ ಹಾಳಾಗಿರುವಾಗ ಹಲಗೆ ಹೊದಿಸಿದ ಮನೆಗಳಲ್ಲಿ ಕುಳಿತವರನ್ನು ಹಗ್ಗಾಯನು ಗದರಿಸಿದ್ದನ್ನೂ ನಾವು ಮರೆಯಬಾರದು. ಆದರೆ ಸಮಿತಿಯ ಮೇಜಿನ ಮೇಲೆ ನಕ್ಷೆ ಮತ್ತು ಅಂದಾಜು ಪಟ್ಟಿ ಬರುವಾಗ ಯಾವ ಪ್ರಶ್ನೆಗಳನ್ನು ಕೇಳಬೇಕೆಂಬುದನ್ನು ಯಜ್ಞವೇದಿಯ ನಿಯಮ ನಮಗೆ ಕಲಿಸುತ್ತದೆ. ಕುಟುಂಬಕ್ಕಿಷ್ಟು ಎಂದು ಗೊತ್ತುಪಡಿಸಿದ ಕಾಣಿಕೆಯನ್ನು ಕೂಲಿಯ ಮನೆಯವರು ಸಾಲ ಮಾಡಿ ಕೊಡುತ್ತಿದ್ದಾರೆಯೇ, ಮನಸ್ಸಿನಿಂದ ಕೊಡುತ್ತಿದ್ದಾರೆಯೇ? ಸಾಕೆಂದು ಹೇಳುವ ಧೈರ್ಯ ನಮಗಿದೆಯೇ? ಜಲ್ಲಿ ಹೊರುವ ಹೆಂಗಸರಿಗೂ ಕಲ್ಲುಗಣಿಯಲ್ಲಿ ಧೂಳು ಕುಡಿಯುವವರಿಗೂ ನ್ಯಾಯವಾದ ಕೂಲಿ ಸಂದಿದೆಯೇ, ಅಥವಾ ಅವರ ಶಬ್ದ ನಮ್ಮ ಕಿವಿಗೆ ಬೀಳದಷ್ಟು ದೂರದಲ್ಲಿದೆಯೆಂದು ನಾವು ಸುಮ್ಮನಿದ್ದೇವೆಯೇ? ಬಾಗಿಲ ಬಳಿಯ ಅಮೃತಶಿಲೆಯ ಫಲಕದಲ್ಲಿ ಯಾರ ಹೆಸರುಗಳಿಗೆ ಸ್ಥಳವಿದೆ?

ನಮ್ಮ ದೇವಾಲಯಗಳಲ್ಲಿ ಇಂದು ಯಜ್ಞವೇದಿಗೆ ಬದಲಾಗಿ ಕರ್ತನ ಭೋಜನದ ಮೇಜು ನಿಂತಿದೆ. ಅಲ್ಲಿಗೆ ಬರುವ ರೊಟ್ಟಿಯೂ ಯಾರದೋ ಕೈ ಬಿತ್ತಿ, ಕೊಯ್ದು, ಬೀಸಿದ ಧಾನ್ಯವೇ. ಅದನ್ನು ಎತ್ತಿ ಆಶೀರ್ವದಿಸಲು ನೇಮಿಸಲ್ಪಟ್ಟವರು, ಅದರ ಸುತ್ತಲಿನ ಗೋಡೆಯ ಲೆಕ್ಕವನ್ನೂ ಅದೇ ಕೈಗಳಿಂದ ಬರೆಯುತ್ತಾರೆ. ಎರಡೂ ಒಂದೇ ಸೇವೆಯೆಂದು ತಿಳಿದು ಬರೆಯಬೇಕೆಂಬುದು ನಮ್ಮ ವಿಜ್ಞಾಪನೆ.